ಒಮ್ಮೆ ನೆನೆಸಿದ ಅಲಸಂಡೆ ಬೀಜ ಒಣಗಿಸಿಟ್ಟರೆ ಮತ್ತೆ ಹುಟ್ಟುತ್ತದಾ?

ನೆನೆಸಿದ ಮೇಲೆ ಮಳೆ ಹಿಡಿಯಿತು, ಒಣಗಿಸಿಟ್ಟಿದ್ದೇನೆ, ಹೀಗೆ ಎಷ್ಟು ಸಲ ಮಾಡಬಹುದು ಅಂತ ಕೇಳಿದ್ದೀರಿ. ನಮ್ಮಲ್ಲೂ ಇದೇ ಕಥೆ. ಕಟಪಾಡಿ ಹತ್ತಿರ ನಮ್ಮದೊಂದು ಸಣ್ಣ ಹಿತ್ತಿಲು. ಪತ್ತನಾಜೆ, ಅಂದರೆ ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ದಿನ, ಕಳೆದಿತ್ತು. ಅತ್ತೆ ವರ್ಷ ವರ್ಷ ಬೂದಿ ಬೆರೆಸಿ ಉಳಿಸಿಕೊಂಡು ಬಂದ ಬೀಜ, ಅಷ್ಟನ್ನೂ ರಾತ್ರಿ ನೀರಿಗೆ ಹಾಕಿದೆ. ಬೆಳಗ್ಗೆ ನೋಡಿದರೆ ಬಿತ್ತಲು ಮಾಡಿದ ಮಣ್ಣಿನ ಏರಿಯೇ ಕಾಣದಷ್ಟು ಮಳೆ ನೀರು. ಬೀಜವನ್ನು ಗೆರಸೆಯಲ್ಲಿ (ಮೊರದಲ್ಲಿ) ಹರಡಿ ಚಾವಡಿಯಲ್ಲಿಟ್ಟೆ. ಮಳೆಗಾಲದಲ್ಲಿ ನಮ್ಮೂರಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೀಜ! ಬಿಸಿಲು ಕಂಡಾಗ ಅಂಗಳಕ್ಕೆ, ಮೋಡ ಕಂಡಾಗ ಒಳಗೆ. ಮಳೆ ಬಿಟ್ಟ ಮೇಲೆ ಮತ್ತೆ ನೆನೆಸಿದೆ. ನೀರು ಲೋಳೆಯಾಗಿ ನೊರೆ ಬಂತು, ಹುಳಿ ವಾಸನೆ ಬೇರೆ. ಬಿತ್ತಿದ್ದು ಒಂದೂ ಏಳಲಿಲ್ಲ. ಮಣ್ಣು ಕೆದಕಿ ಒಂದನ್ನು ತೆಗೆದು ನೋಡಿದರೆ, ಬೀಜದ ಕಣ್ಣಿನ ಪಕ್ಕ ನುಚ್ಚಕ್ಕಿಯಷ್ಟು ಬೇರು ಹೊರಬಂದು ಕಂದು ಬಣ್ಣಕ್ಕೆ ತಿರುಗಿ ಮುರುಟಿತ್ತು.

ಎರಡನೇ ಸಲ ನೆನೆಸಿದ್ದಕ್ಕೇ ಹೀಗಾಯಿತು ಅಂತ ಎಲ್ಲರೂ ಅಂದರು. ಕೆಲಸ ಅದಕ್ಕೆ ಮೊದಲೇ ಕೆಟ್ಟಿತ್ತು. ಗೆರಸೆಯ ತೇವದಲ್ಲಿ ಬೀಜ ಮೊಳೆಯುತ್ತಲೇ ಇತ್ತು, ನಾನು ಒಣಗುತ್ತಿದೆ ಅಂದುಕೊಂಡಿದ್ದೆ. ಒಣ ಬೀಜದಲ್ಲಿ ಜೀವಕೋಶದ ಪೊರೆ ಮುದುಡಿಕೊಂಡಿರುತ್ತದೆ. ಬಿಸಿಲಲ್ಲಿ ಒಣಗಿದ ಮರದ ದೋಣಿಯನ್ನು ನೀರಿಗಿಳಿಸಿದರೆ ಮೊದಲು ಸೋರಿ, ಹಲಗೆ ಉಬ್ಬಿದ ಮೇಲೆ ಸಂದು ಮುಚ್ಚಿಕೊಳ್ಳುತ್ತದಲ್ಲ, ಹಾಗೆ ಇದೂ ಮೊದಲು ಸೋರುತ್ತದೆ. ಸಕ್ಕರೆ, ಪೊಟ್ಯಾಸಿಯಂ, ಅಮೈನೋ ಆಮ್ಲ ಹೊರಗೆ ಬರುತ್ತವೆ. ಬೂಸ್ಟು, ಬ್ಯಾಕ್ಟೀರಿಯಾ ಅದಕ್ಕೇ ಮುತ್ತುವುದು. ಬೀಜ ಪರೀಕ್ಷಿಸುವ ಲ್ಯಾಬುಗಳಲ್ಲಿ ನೆನೆಸಿದ ನೀರಿಗೆ ಕರೆಂಟ್ ಹಾಯಿಸಿ ನೋಡುವುದೂ ಇದಕ್ಕೇ. ಜಾಸ್ತಿ ಹರಿದರೆ ಜಾಸ್ತಿ ಸೋರಿದೆ ಅಂತ ಲೆಕ್ಕ. ಆಮೇಲೆ ಪೊರೆ ಸರಿಯಾಗುತ್ತದೆ, ಒಳಗೆ ರಿಪೇರಿ ಶುರುವಾಗುತ್ತದೆ. ಈ ಹಂತದಲ್ಲಿ ಬೇಗ ಒಣಗಿಸಿದರೆ ಬೀಜ ತಡೆದುಕೊಳ್ಳುತ್ತದೆ. ಭತ್ತವನ್ನು ಬೇಕೆಂದೇ ಹೀಗೆ ನೆನೆಸಿ ಒಣಗಿಸಿ ಬಿತ್ತುವ ಪದ್ಧತಿಯೂ ಇದೆ. ಆದರೆ ಬೇರು ಹೊರಗೆ ಬಂತೋ, ಕಥೆ ಮುಗಿಯಿತು. ಒಣಗುವಾಗ ಪೊರೆಯನ್ನು ಕಾಯುವ ಸಕ್ಕರೆ, ಪ್ರೋಟೀನು ಅಷ್ಟರಲ್ಲಿ ಕರಗಿರುತ್ತವೆ, ಕೋಶಗಳು ನೀರು ತುಂಬಿ ಉಬ್ಬಿರುತ್ತವೆ. ಆಗ ಒಣಗಿಸಿದರೆ ಪೊರೆ ಹರಿಯುತ್ತದೆ, ಮತ್ತೆ ನೀರು ಕೊಟ್ಟರೂ ಕೂಡುವುದಿಲ್ಲ.

ಹಾಗಾಗಿ ಎಷ್ಟು ಸಲ ಅಂತ ಎಣಿಸಿ ಪ್ರಯೋಜನವಿಲ್ಲ. ಬೀಜವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಬೇರು ಇಣುಕಿ ಒಣಗಿದ್ದರೆ ಬಿಸಾಡಿ. ಇಣುಕದಿದ್ದರೆ ಇನ್ನು ನೆನೆಸಬೇಡಿ, ಸೀದಾ ಮಣ್ಣಿಗೆ ಹಾಕಿ. ಮುಂದಿನ ವರ್ಷಕ್ಕೆ ಅಂತ ಎತ್ತಿಡುವುದಂತೂ ಬೇಡ, ಇಂಥ ಬೀಜ ಬಾಳಿಕೆ ಬರುವುದಿಲ್ಲ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ: ಕರಾವಳಿಯ ಮಳೆಗಾಲದಲ್ಲಿ ಅಲಸಂಡೆ ನೆನೆಸುವುದೇ ಸುಮ್ನೆ ಕೆಲಸ. ಸಿಪ್ಪೆ ತೆಳು, ನೀರು ಒಮ್ಮೆಲೇ ನುಗ್ಗಿ ಬೇಳೆ ಬಿರಿಯುತ್ತದೆ. ಮಣ್ಣಲ್ಲೇ ಬೇಕಾದಷ್ಟು ತೇವ ಇದೆ ಅಲ್ವಾ? ಏರಿ ಎತ್ತರ ಮಾಡಿ ಒಣ ಬೀಜವನ್ನೇ ಊರಿ. ಬೆಂಡೆಗೆ ಸಿಪ್ಪೆ ಗಟ್ಟಿ, ಅದನ್ನು ಬೇಕಾದರೆ ಒಂದು ರಾತ್ರಿ ನೆನೆಸಿ. ಯಾವ ಬೀಜವಾದರೂ ಅರ್ಧ ಮಾತ್ರ ಬಿತ್ತಿ, ಉಳಿದರ್ಧ ನೆನೆಸದೆ ಬಾಟಲಿಯಲ್ಲೇ ಇರಲಿ.