ಹಾಲೆಂಡ್‌ನಲ್ಲಿ ಕ್ಯಾಂಪರ್ ವ್ಯಾನ್: ಸೇತುವೆ ಎತ್ತಿದರೆ ಎಂಜಿನ್ ಆಫ್ ಮಾಡಿ ಕೂತುಬಿಡಿ

ಸರ್, ಆಮ್‌ಸ್ಟರ್‌ಡ್ಯಾಮ್ ಹತ್ತಿರ ಕ್ಯಾಂಪರ್ ವ್ಯಾನ್ (ಒಳಗೇ ಮಲಗಲು ಅನುಕೂಲವಿರುವ ವ್ಯಾನ್) ಬಾಡಿಗೆಗೆ ತಗೊಂಡು, ಮಕ್ಕಳ ಜೊತೆ ಒಂದು ವಾರ ಸುತ್ತಬೇಕು, ಒಂದು ದಿನ ದೋಣಿಯನ್ನೂ ಓಡಿಸಬೇಕು, ಹೇಗೆ ಅಂತ ಕೇಳಿದ್ದೀರಿ. ನಾನು ಇಲ್ಲೇ ಇರುವವನು, ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲೂ ಇದೇ ಸಂಭ್ರಮ. ವ್ಯಾನನ್ನು ಆಮ್‌ಸ್ಟರ್‌ಡ್ಯಾಮ್ ಒಳಗೆ ತರಲೇಬೇಡಿ. ಸೀದಾ ಉತ್ತರಕ್ಕೆ ಹೋಗಿ.

ಇಲ್ಲಿ ಸಿಕ್ಕ ಕಡೆ ವ್ಯಾನ್ ನಿಲ್ಲಿಸಿ ಮಲಗುವಂತಿಲ್ಲ, ದಂಡ ಬೀಳುತ್ತದೆ. ರೈತರ ಹೊಲದ ಪಕ್ಕದ ‘ಮಿನಿ ಕ್ಯಾಂಪಿಂಗ್’ ಹುಡುಕಿ. ಜಾಗ ಚಿಕ್ಕದು, ಗಲಾಟೆ ಕಡಿಮೆ, ಹಸು ಕುರಿ ಇರುವ ಕಡೆ ಮಕ್ಕಳಿಗಂತೂ ಹಬ್ಬ. ಟೆಂಟ್ ಹಾಕುವುದಾದರೆ ಉದ್ದನೆಯ ಗೂಟ ತನ್ನಿ. ಗಾಳಿಗೆ ಅಡ್ಡವಾಗಿ ಒಂದು ಗುಡ್ಡವೂ ಇಲ್ಲ. ಮಳೆ ಬಂತು ಅಂತ ಟೆಂಟ್ ಒಳಗೆ ಸ್ಟೌವ್ ಮಾತ್ರ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ದಾರಿ ಹೀಗಿರಲಿ: ಹೋರ್ನ್, ಎಂಕ್‌ಹೌಸನ್ ನೋಡಿಕೊಂಡು ಅಫ್ಸ್ಲೌಟ್‌ಡೈಕ್ ದಾಟಿ. 1932ರಲ್ಲಿ ಮುಗಿದ 32 ಕಿ.ಮೀ. ಉದ್ದದ ಒಡ್ಡು ಅದು. ಒಂದು ಕಡೆ ಉಪ್ಪುನೀರಿನ ವಾಡನ್ ಸಮುದ್ರ, ಇನ್ನೊಂದು ಕಡೆ ಸಿಹಿನೀರಿನ ಸರೋವರ. ಆಚೆಗೆ ಫ್ರೀಸ್‌ಲ್ಯಾಂಡ್ ಪ್ರಾಂತ್ಯ. ಅಲ್ಲಿ ಸ್ನೇಕ್ ಊರಿನ 1613ರ ನೀರುಬಾಗಿಲನ್ನು, ಅಂದರೆ ನೀರಿನ ಮೇಲೆ ಕಟ್ಟಿದ ಹಳೆಯ ಊರಬಾಗಿಲನ್ನು, ತಪ್ಪಿಸಬೇಡಿ.

ಫ್ರೀಸ್‌ಲ್ಯಾಂಡ್‌ನಲ್ಲಿ ನಿಮ್ಮ ಟೈಮ್‌ಟೇಬಲ್, ದೋಣಿ ಬಂದಾಗ ಮೇಲೇಳುವ ಸೇತುವೆಗಳ ಕೈಯಲ್ಲಿ. ಗಂಟೆ ಹೊಡೆಯುತ್ತದೆ, ಕೆಂಪು ದೀಪ ಮಿನುಗುತ್ತದೆ, ಗೇಟ್ ಇಳಿಯುತ್ತದೆ. ಒಂದೇ ಒಂದು ಹಾಯಿದೋಣಿಗಾಗಿ ಲಾರಿ, ಬಸ್ಸು, ಸೈಕಲ್ ಎಲ್ಲ ನಿಂತುಬಿಡುತ್ತವೆ. ಇಳಿದು ಅಂಚಿಗೆ ಹೋಗಿ ನೋಡಿ. ಕೆಲವು ಕಡೆ ಈಗಲೂ ಸೇತುವೆಯವರು ಗಾಳದ ಕೋಲಿಗೆ ಮರದ ಬೂಟು ಕಟ್ಟಿ ದೋಣಿಯ ಮೇಲಕ್ಕೆ ಇಳಿಬಿಡುತ್ತಾರೆ. ದೋಣಿಯವರು ಸಾಗುತ್ತಲೇ ಅದರೊಳಗೆ ಸೇತುವೆ ಸುಂಕದ ನಾಣ್ಯ ಹಾಕಬೇಕು. ಗುರಿ ತಪ್ಪಿದರೆ ದುಡ್ಡು ನೀರುಪಾಲು! ನಮ್ಮ ಮಕ್ಕಳು ಇದನ್ನು ನೋಡಲೆಂದೇ ಅಲ್ಲಿಂದ ಕದಲುವುದಿಲ್ಲ.

ದೋಣಿ ಓಡಿಸಲು ಕಾಲುವೆಗಳ ಊರು ಗೀಟ್‌ಹೋರ್ನ್ ಸರಿ. ಬ್ಯಾಟರಿ ದೋಣಿಗೆ ಲೈಸೆನ್ಸ್ ಬೇಡ. 15 ಮೀಟರ್‌ಗಿಂತ ಚಿಕ್ಕದಾಗಿ, ಗಂಟೆಗೆ 20 ಕಿ.ಮೀ. ದಾಟದ ದೋಣಿಗೆ ಇಡೀ ದೇಶದಲ್ಲೇ ಲೈಸೆನ್ಸ್ ಕೇಳುವುದಿಲ್ಲ. ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ, ಇದು ನೆನಪಿರಲಿ. ಮಧ್ಯಾಹ್ನ ಅಲ್ಲಿ ಅರ್ಧ ದೋಣಿಗಳು ಅಡ್ಡಡ್ಡ ನಿಂತಿರುವುದು ಇದಕ್ಕೇ. ಸೇತುವೆ ಕೆಳಗೆ ತಲೆ ಬಗ್ಗಿಸಿ, ಕೈ ಒಳಗಿಡಿ. ಟೂರಿಸ್ಟ್ ಬಸ್ ಬರುವ ಮುಂಚೆ ಬೆಳಿಗ್ಗೆ ಬೇಗ ಹೋಗಿ. ಜನ ವಾಸ ಇರುವ ಊರು ಅದು, ಅವರ ಅಂಗಳಕ್ಕೆ ಕಾಲಿಡಬೇಡಿ. ನಮ್ಮ ಕೆರೆಗಳಲ್ಲಿ ಕಾಣುವ ನಾಮದ ಕೋಳಿ ಅಲ್ಲೂ ಸಿಗುತ್ತದೆ, ಕಾಲುವೆಯಲ್ಲಿ ತೇಲುವ ಪ್ಲಾಸ್ಟಿಕ್ ಚೂರನ್ನೂ ಗೂಡಿಗೆ ಸೇರಿಸಿಕೊಂಡು ಕೂತಿರುತ್ತದೆ.

ವಾಪಸ್ ಬರುವಾಗ ಹಾರ್ಡರ್‌ವೈಕ್ ಕಡೆಯಿಂದ ಬನ್ನಿ. ಅಲ್ಲಿ ರಸ್ತೆ ಕೆಳಗೆ, ನೀರು ಮೇಲೆ. ನಿಮ್ಮ ವ್ಯಾನಿನ ತಲೆ ಮೇಲೆ ದೋಣಿ ಹೋಗುತ್ತದೆ!

ಬಲಕ್ಕೆ ತಿರುಗುವಾಗ ಮಾತ್ರ ಕನ್ನಡಿ ಜೊತೆಗೆ ಕತ್ತನ್ನೂ ತಿರುಗಿಸಿ ನೋಡಿ. ಪಕ್ಕದಲ್ಲಿ ನೇರ ಹೋಗುವ ಸೈಕಲ್‌ಗೆ ಮೊದಲು ದಾರಿ. ಜುಲೈ, ಆಗಸ್ಟ್ ಆದರೆ ಜಾಗ ಈಗಲೇ ಬುಕ್ ಮಾಡಿ. ಜೂನ್ ಮೊದಲ ವಾರ ಸಾಧ್ಯವಾದರೆ ಇನ್ನೂ ಒಳ್ಳೆಯದು, ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ.