ಇಳಕಲ್ ಸೀರೆಗೆ ಟೀ ಶರ್ಟ್: ನನಗ್ಯಾಕೆ ಇಷ್ಟು ಕಿರಿಕಿರಿ?

ಪ್ರಶ್ನೆ: ಮೇಡಂ, ನನಗೆ 42 ವರ್ಷ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ತಂಡದ ಲೀಡ್ ಆಗಿದ್ದೇನೆ. ಕಳೆದ ವರ್ಷ ನಮ್ಮ ತಂಡಕ್ಕೆ ಒಬ್ಬ ಹುಡುಗಿ ಸೇರಿದಳು. 27ರ ಆಸುಪಾಸು ವಯಸ್ಸು. ಕೆಲಸದಲ್ಲಿ ಚುರುಕು, ಹೇಳಿದ ಹೊತ್ತಿಗೆ ಮುಗಿಸುತ್ತಾಳೆ. ಆದರೆ ಅವಳ ಬಟ್ಟೆ! ಇಳಕಲ್ ಸೀರೆ ಉಟ್ಟು, ಬ್ಲೌಸ್ ಬದಲು ಟೀ ಶರ್ಟ್ ಹಾಕುತ್ತಾಳೆ. ಕಾಲಿಗೆ ಕ್ಯಾನ್ವಾಸ್ ಶೂ. ಸೀರೆ ಪಾದಕ್ಕಿಂತ ಗೇಣುದ್ದ ಮೇಲೆ. ಇನ್ನೊಂದು ದಿನ ನೋಡಿದರೆ ಗಂಡಸರ ದೊಗಳೆ ಶರ್ಟು, ಅದಕ್ಕೆ ಧೋತಿ ಪ್ಯಾಂಟು. ಕೊಳಕಾಗಿ ಬರುವುದಿಲ್ಲ, ಮೈ ಕಾಣುವಂಥದ್ದೂ ಏನಿಲ್ಲ. ಆದರೂ ನೋಡಿದ ತಕ್ಷಣ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ.

ಮಧ್ಯಾಹ್ನ ಊಟಕ್ಕೆ ನಾವು ಐದಾರು ಜನ ಒಟ್ಟಿಗೆ ಕೂರುತ್ತೇವೆ, ಗಂಡಸರೂ ಇದ್ದಾರೆ. "ಇವತ್ತು ಯಾವ ಊರ ಜಾತ್ರೆ?" ಅಂತ ಮಾತು ಶುರುವಾಗುತ್ತದೆ. ಅವಳಿಗೊಂದು ಅಡ್ಡಹೆಸರು ಇಟ್ಟವಳು ನಾನೇ. ಹೋದ ತಿಂಗಳು ಒಬ್ಬರು ಅವಳಿಗೆ ಗೊತ್ತಾಗದಂತೆ ಹಿಂದಿನಿಂದ ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ನಾನೂ ನಗುವ ಎಮೋಜಿ ಒತ್ತಿದೆ. ಈಗೀಗ ಅವಳು ಡಬ್ಬಿ ಬಿಚ್ಚುವುದು ತನ್ನ ಸೀಟಿನಲ್ಲೇ.

ಈಗ ಹೊರದೇಶದ ಕ್ಲೈಂಟ್ ಜೊತೆ ನೇರವಾಗಿ ವ್ಯವಹರಿಸುವ ಜಾಗಕ್ಕೆ ಒಬ್ಬರ ಹೆಸರು ಕೊಡಿ ಎಂದು ಮ್ಯಾನೇಜರ್ ಕೇಳಿದ್ದಾರೆ. ಕೆಲಸ ನೋಡಿದರೆ ಅವಳದೇ ಹೆಸರು ಕೊಡಬೇಕು. ಆದರೆ ಕೈ ಬರುತ್ತಿಲ್ಲ. "ಪ್ರೆಸೆಂಟೇಶನ್ ಸಾಲದು" ಅಂತ ಬರೆದು ಬೇರೆಯವರ ಹೆಸರು ಹಾಕೋಣ ಅನ್ನಿಸುತ್ತಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೆರಗಿಗೆ ಪಿನ್ ಹಾಕದೆ ಬಂದಿದ್ದಕ್ಕೆ ಎಲ್ಲರೆದುರು ಬೈಸಿಕೊಂಡಿದ್ದೆ. ನಾವು ಶಿಸ್ತು ಕಲಿತಿದ್ದೇ ತಪ್ಪಾ? ನಾನು ಕೆಟ್ಟವಳಾ? ಅವಳ ಹತ್ತಿರ ಕ್ಷಮೆ ಕೇಳಬೇಕಾ?

– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಆ ಫೋಟೋ ವಿಷಯ ಮುಗಿಸೋಣ. ಇವತ್ತೇ ಗುಂಪಿಗೆ ಬರೆಯಿರಿ: "ಆ ಫೋಟೋ ಎಲ್ಲರೂ ಅಳಿಸಿ, ಮುಂದೆ ಹೀಗೆ ಹಾಕಬೇಡಿ." ಅಷ್ಟೇ ಸಾಕು, ಉಪದೇಶ ಬೇಡ. ಒಬ್ಬ ಹೆಣ್ಣುಮಗಳ ಫೋಟೋವನ್ನು ಆಕೆಗೆ ತಿಳಿಯದಂತೆ ಹಿಂದಿನಿಂದ ತೆಗೆದು ಗಂಡಸರೂ ಇರುವ ಗುಂಪಿನಲ್ಲಿ ಹಂಚಿ ನಗುವುದು ಬಟ್ಟೆಯ ಕುರಿತ ತಮಾಷೆಯಾಗಿ ಉಳಿಯುವುದಿಲ್ಲ. ಅದರ ಕೆಳಗೆ ಯಾರಾದರೂ ಮೈಕಟ್ಟಿನ ಬಗ್ಗೆ ಅಸಹ್ಯವಾದ ಒಂದು ಮಾತು ಬರೆದರೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ದೂರು ಹೋಗಬಹುದು. ಆಗ ಎಮೋಜಿ ಒತ್ತಿದವರ ಹೆಸರೂ ಅಲ್ಲೇ ಇರುತ್ತದೆ, ಅದರಲ್ಲೂ ಆಕೆಯ ಲೀಡ್ ಹೆಸರು. ಊಟದ ಟೇಬಲ್ಲಿನಲ್ಲಿ ಉಳಿದವರು ನಕ್ಕರೆ ಅದು ಬರೀ ನಗು. ನೀವು ನಕ್ಕರೆ ಎಲ್ಲರಿಗೂ ಅದೊಂದು ಪರ್ಮಿಷನ್ ಕೊಟ್ಟ ಹಾಗೆ.

ಇನ್ನು ನಿಮ್ಮ ಕಿರಿಕಿರಿ. ಅದು ಬಂದೇ ಬರುತ್ತದೆ, ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರ ಕೊನೆಯಲ್ಲಿ ಇದೇ ವಿಷಯದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದರು. ಅದೇ ಮುಖಕ್ಕೆ ಒಮ್ಮೆ ಸಾಧಾರಣ ಅಂಗಿ, ಇನ್ನೊಮ್ಮೆ ಸ್ವಲ್ಪ ದುಬಾರಿಯಾಗಿ ಕಾಣುವ ಅಂಗಿ ತೊಡಿಸಿ ಜನರಿಗೆ ತೋರಿಸಿದರು. ದುಬಾರಿ ಅಂಗಿಯಲ್ಲಿದ್ದ ಮುಖವೇ ಜಾಸ್ತಿ ಸಮರ್ಥ ಎಂದು ಜನ ಹೇಳಿದರು. ಕೆಲವರಿಗೆ ಚಿತ್ರ ಕಂಡದ್ದು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತು ಮಾತ್ರ. "ಬಟ್ಟೆ ನೋಡಬೇಡಿ, ಮುಖ ಮಾತ್ರ ನೋಡಿ" ಎಂದು ಮೊದಲೇ ಹೇಳಿದರೂ, ಸರಿಯಾಗಿ ಹೇಳಿದವರಿಗೆ ದುಡ್ಡು ಕೊಡುತ್ತೇವೆ ಎಂದರೂ ಜನರ ತೀರ್ಪು ಹಾಗೆಯೇ ಉಳಿಯಿತು.

ಇದನ್ನು ಓದಿ "ಅಬ್ಬಾ, ನನ್ನ ತಪ್ಪೇನಿಲ್ಲ" ಅಂತ ನಿರಾಳ ಆಗಿಬಿಡಬೇಡಿ. ನನಗೆ ಇದರಿಂದ ಕಾಣುವುದು ಉಲ್ಟಾ. ನಾಳೆಯಿಂದ ಬಟ್ಟೆ ನೋಡಿ ಅಳೆಯುವುದಿಲ್ಲ ಅಂತ ನೀವು ಎಷ್ಟೇ ನಿಶ್ಚಯ ಮಾಡಿದರೂ ನಿಮ್ಮ ಕಣ್ಣು ಕೇಳುವುದಿಲ್ಲ. ಹಾಗಾಗಿ ಮನಸ್ಸು ತಿದ್ದುವ ಕೆಲಸ ನಿಧಾನಕ್ಕೆ ಆಗಲಿ. ಮ್ಯಾನೇಜರ್‌ಗೆ ಹೆಸರು ಕೊಡುವ ಆ ಫಾರ್ಮ್ ತುಂಬುವ ಕ್ರಮವನ್ನು ಮಾತ್ರ ಈಗಲೇ ಬದಲಿಸಿ.

ಹೇಗೆ ಅಂದರೆ, ನಿಮ್ಮ ಮನಸ್ಸಿನಲ್ಲಿರುವ ಇಬ್ಬರ ಕಳೆದ ವರ್ಷದ ಕೆಲಸವನ್ನು ಒಂದು ಹಾಳೆ ಮೇಲೆ ಬರೆಯಿರಿ. ತಿಂಗಳ ಕೊನೆಯ ಕ್ಲೋಸಿಂಗ್ ಯಾರು ಹೊತ್ತಿಗೆ ಸರಿಯಾಗಿ ಮುಗಿಸಿದರು? ಲೆಕ್ಕ ತಾಳೆ ನೋಡುವ ರಿಕನ್ಸಿಲಿಯೇಶನ್‌ನಲ್ಲಿ ಬೇರೆಯವರು ಬಿಟ್ಟ ತಪ್ಪನ್ನು ಯಾರು ಹಿಡಿದರು? ಆಡಿಟ್‌ನವರು ಪ್ರಶ್ನೆ ಹಾಕಿದಾಗ ತಡವರಿಸದೆ ಉತ್ತರ ಕೊಟ್ಟವರು ಯಾರು? ಕ್ಲೈಂಟ್‌ಗೆ ಬರೆದ ಇಮೇಲ್ ಯಾರದು ಓದಿದ ಕೂಡಲೇ ಅರ್ಥವಾಗುತ್ತದೆ? ಹೆಸರು ಮುಚ್ಚಿಟ್ಟು ಆ ಹಾಳೆ ಓದಿ. ಅದರ ಪಕ್ಕ "ಪ್ರೆಸೆಂಟೇಶನ್ ಸಾಲದು" ಎಂದು ಬರೆಯಬೇಕು ಅನ್ನಿಸಿದರೆ, ಯಾವ ದಿನ, ಯಾವ ಮೀಟಿಂಗಿನಲ್ಲಿ, ಏನು ಸಾಲಲಿಲ್ಲ ಅಂತಲೂ ಬರೆಯಿರಿ. ಮ್ಯಾನೇಜರ್ ಒಂದು ಉದಾಹರಣೆ ಕೊಡಿ ಎಂದರೆ ನಿಮ್ಮ ಹತ್ತಿರ ಶೂ ಬಿಟ್ಟು ಬೇರೇನಿದೆ? ಈ "ಪ್ರೆಸೆಂಟೇಶನ್", "ಕಲ್ಚರ್ ಫಿಟ್" ಎಲ್ಲ ಬಾಯಿಬಿಟ್ಟು ಹೇಳಲಾಗದ್ದನ್ನು ಫಾರ್ಮಿನಲ್ಲಿ ಹೇಳಲು ಆಫೀಸಿನವರು ಇಟ್ಟುಕೊಂಡಿರುವ ಮಾತುಗಳು. ನಿಮಗೂ ಗೊತ್ತು, ನನಗೂ ಗೊತ್ತು.

ಅಂದಹಾಗೆ, ಹೊರದೇಶದ ಆ ಕ್ಲೈಂಟ್‌ಗೆ ಆಕೆ ಕಾಣುವುದು ವಿಡಿಯೋ ಕಾಲ್‌ನಲ್ಲಿ ತಾನೇ? ಭುಜದಿಂದ ಮೇಲೆ ಒಂದು ಟೀ ಶರ್ಟು, ಒಂದು ಸೆರಗು. ಆಚೆ ಕಡೆ ಕೂತವರೂ ಬಹುಶಃ ಟೀ ಶರ್ಟಿನಲ್ಲೇ ಇರುತ್ತಾರೆ. ಒಂದು ವೇಳೆ ಕ್ಲೈಂಟ್ ಆಫೀಸಿಗೇ ಬಂದಾಗ ಫಾರ್ಮಲ್ ಬಟ್ಟೆ ಬೇಕು ಅನ್ನುವುದು ನಿಮ್ಮ ಕಂಪನಿಯ ನಿಯಮವಾದರೆ, ಅದನ್ನು ಇಡೀ ತಂಡಕ್ಕೆ ಒಂದೇ ಇಮೇಲಿನಲ್ಲಿ ಹೇಳಿ. ಚಪ್ಪಲಿ ಹಾಕಿ ಬರುವ ಹುಡುಗರಿಗೂ ಅದು ಹೋಗಲಿ. ಯಂತ್ರಗಳಿರುವ ಕಾರ್ಖಾನೆಯಾಗಿದ್ದರೆ ಸೆರಗಿನ ಬಗ್ಗೆ ನಾನೂ ನಿಮ್ಮ ಜೊತೆ ದನಿಗೂಡಿಸುತ್ತಿದ್ದೆ. ಎಕ್ಸೆಲ್ ಶೀಟಿಗೆ ಸೆರಗು ಸಿಕ್ಕಿಕೊಳ್ಳುವುದಿಲ್ಲ. ನಿಮ್ಮ ಊರಿನದೇ ಇನ್ಫೋಸಿಸ್ ನೋಡಿ. 2015ರ ಜೂನ್‌ನಿಂದ ವಾರವಿಡೀ ಕ್ಯಾಶುಯಲ್ ಬಟ್ಟೆಯಲ್ಲಿ ಬರಬಹುದು ಎಂದು ತನ್ನ ನೌಕರರಿಗೆ ಹೇಳಿತು. ಟೈ ಬಿಚ್ಚಿಟ್ಟ ಮೇಲೂ ಕ್ಲೈಂಟ್‌ಗಳು ಅಲ್ಲೇ ಇದ್ದಾರೆ.

ಸೀರೆ ಹಾಗಲ್ಲ ಉಡುವುದು ಅನ್ನುವ ಮಾತು ನಿಮ್ಮ ಪತ್ರದ ಸಾಲುಸಾಲಿನಲ್ಲೂ ಕಾಣುತ್ತಿದೆ. ಯಾರ ಲೆಕ್ಕದಲ್ಲಿ ಹಾಗಲ್ಲ? ಕೊಡಗಿನವರಿಗೆ ನೆರಿಗೆ ಹಿಂದೆ ಬರಬೇಕು. ಉತ್ತರ ಕರ್ನಾಟಕದ ಅಜ್ಜಿಯರು ಕಚ್ಚೆ ಹಾಕಿ ಉಡುತ್ತಿದ್ದರು. ಹೊಲದಲ್ಲಿ ಸಸಿ ನೆಡುವವರು ಮೊಣಕಾಲಿನವರೆಗೆ ಎತ್ತಿ ಕಟ್ಟುತ್ತಾರೆ, ಮೇಲೊಂದು ಗಂಡಸರ ಶರ್ಟೂ ಇರುತ್ತದೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸವೇ ಜೋಡಿ ಅನ್ನುವುದು ಆ ಕಡೆಯವರ ವಾಡಿಕೆ. ಆ ಲೆಕ್ಕಕ್ಕೆ ನಮ್ಮ ನಿಮ್ಮ ಮ್ಯಾಚಿಂಗ್ ಬ್ಲೌಸೂ ತಪ್ಪೇ ಆಗಬೇಕಲ್ವಾ? ಪಾದ ಮುಚ್ಚುವಂತೆ ನೆರಿಗೆ ಹಿಡಿದು, ಭುಜಕ್ಕೆ ಪಿನ್ ಹಾಕಿ ಉಡುವುದು ಹತ್ತು ಬಗೆಯಲ್ಲಿ ಒಂದು ಬಗೆ ಅಷ್ಟೇ.

ಇಲ್ಲಿ ಇನ್ನೊಂದು ಬಲೆ ಇದೆ. ನನ್ನ ಮಾತು ಓದಿದ ಮೇಲೆ ನಿಮಗೆ ಕರುಣೆ ಹುಟ್ಟಬಹುದು. "ಪಾಪ, ಅದು ತೀರಿಕೊಂಡ ಅಜ್ಜಿಯ ಸೀರೆ ಇರಬೇಕು" ಅಂತ ಒಂದು ಕಥೆ ಕಟ್ಟಿಕೊಳ್ಳಬಹುದು. ದಯವಿಟ್ಟು ಬೇಡ. ಕಣ್ಣೀರಿನ ಕಥೆ ಇದ್ದರೆ ಮಾತ್ರ ಒಬ್ಬರ ಬಟ್ಟೆಯನ್ನು ಒಪ್ಪುವುದು ಅಂದರೆ ಅದೂ ಇನ್ನೊಂದು ಬಗೆಯ ಪರೀಕ್ಷೆಯೇ. ಆಕೆಗೆ ಸುಮ್ನೆ ಹಾಗೆ ಉಡುವುದು ಇಷ್ಟ ಇರಬಹುದು. ಬಸ್ ಹತ್ತಲು ಶೂ ಅನುಕೂಲ ಇರಬಹುದು. ಬ್ಲೌಸ್ ಹೊಲಿಸಲು ಟೇಲರ್ ಹಿಂದೆ ಅಲೆಯುವುದು ಬೇಜಾರು ಇರಬಹುದು. (ಇದೊಂದು ಕಾರಣಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ.)

2024ರ ಜುಲೈನಲ್ಲಿ ನಡೆದದ್ದು ನೆನಪಿದೆಯಾ? ಹಾವೇರಿ ಕಡೆಯ ಒಬ್ಬ ರೈತರು ಮಗನ ಜೊತೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಹೋದರು. ಪಂಚೆ ಉಟ್ಟಿದ್ದಾರೆ ಎಂದು ಬಾಗಿಲಲ್ಲೇ ತಡೆದರು. ವಿಡಿಯೋ ನೋಡಿ ಇಡೀ ರಾಜ್ಯಕ್ಕೆ ಸಿಟ್ಟು ಬಂತು. ಆ ಮಾಲ್ ಅನ್ನು 7 ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲೇ ಹೇಳಿತು. ಬಡವರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 2014ರಲ್ಲಿ ಚೆನ್ನೈನ ಒಂದು ಕ್ಲಬ್, ಪಂಚೆ ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡಲಿಲ್ಲ. ಆಮೇಲೆ ತಮಿಳುನಾಡು ಇದನ್ನು ತಡೆಯಲು ಕಾನೂನನ್ನೇ ಮಾಡಿತು. ಮಾಗಡಿ ರಸ್ತೆಯ ವಿಡಿಯೋ ನಿಮ್ಮ ಊಟದ ಟೇಬಲ್ಲಿಗೂ ಬಂದಿರಬೇಕು. ನೀವೂ "ಎಂಥಾ ಜನ ಇವರು" ಅಂದಿರಬೇಕು. ಈಗ ಆ ಫಾರ್ಮ್ ಹಿಡಿದು ಬಾಗಿಲಲ್ಲಿ ನಿಂತಿರುವವರು ನೀವು. ಒಂದೇ ವ್ಯತ್ಯಾಸ ಅಂದರೆ ಆ ರೈತರಿಗೆ ಕಾರಣ ಮುಖದ ಮೇಲೆ ಹೇಳಿದರು. ಈ ಹುಡುಗಿಗೆ ಕಾರಣ ಯಾವತ್ತೂ ಗೊತ್ತಾಗುವುದಿಲ್ಲ.

ಪಿನ್ ಹಾಕದ್ದಕ್ಕೆ ಬೈಸಿಕೊಂಡ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಅಷ್ಟು ವರ್ಷದ ಹಿಂದಿನದು ಇವತ್ತಿಗೂ ನೆನಪಿದೆ ಅಂದರೆ ಅದರಿಂದ ನೀವು ಶಿಸ್ತಿಗಿಂತ ಜಾಸ್ತಿ ಅವಮಾನವನ್ನೇ ಕಲಿತಿದ್ದೀರಿ. ಆವತ್ತು ನಿಮಗೆ ಎದುರಾಡಲು ಆಗಲಿಲ್ಲ, ಬಗ್ಗಿ ನಡೆದಿರಿ. ಈ ಹುಡುಗಿ ಬಗ್ಗದೆ ಆರಾಮಾಗಿ ಓಡಾಡುತ್ತಾಳೆ, ಯಾರೂ ಏನೂ ಮಾಡುವುದಿಲ್ಲ. ಹಾಗಾದರೆ ನಾನು ಪಟ್ಟ ಪಾಡೆಲ್ಲ ಯಾಕೆ ಅಂತ ಹೊಟ್ಟೆಯೊಳಗೆ ಉರಿಯುತ್ತದೆ. ಅತ್ತೆಯ ಕೈಯಲ್ಲಿ ನೊಂದವಳು ತನ್ನ ಸೊಸೆಗೂ ಅದನ್ನೇ ಉಣಿಸುವುದನ್ನು ನಾವೆಲ್ಲ ಮನೆಗಳಲ್ಲಿ ನೋಡಿದ್ದೇವೆ. ಇದೂ ಅದೇ ಉರಿ. ನಿಮಗೆ ಬೈದವರ ಮೇಲಿನ ಸಿಟ್ಟನ್ನು ತಪ್ಪು ವಿಳಾಸಕ್ಕೆ ಕಳಿಸುತ್ತಿದ್ದೀರಿ. ನಿಮಗೂ ಆಗ ಏನೋ ಬೇರೆ ಥರ ಉಡುವ ಆಸೆ ಇತ್ತೇನೋ. ಇದ್ದರೆ ಈಗಲೂ ಕಾಲ ಮಿಂಚಿಲ್ಲ, 42 ಏನು ಮಹಾ ವಯಸ್ಸು.

"ನಾನು ಕೆಟ್ಟವಳಾ" ಎಂದು ಕೇಳಿದ್ದೀರಿ. ಹೌದು ಅಂದರೆ ನೀವು ಅಳುತ್ತೀರಿ, ಇಲ್ಲ ಅಂದರೆ ನಿದ್ದೆ ಬರುತ್ತದೆ. ಎರಡರಿಂದಲೂ ಆ ಹುಡುಗಿಗೆ ಏನೂ ಸಿಗುವುದಿಲ್ಲ. ಬಿಟ್ಟುಬಿಡಿ.

ಕ್ಷಮೆ ಕೇಳಬೇಕು. ಆದರೆ ಅದನ್ನೂ ನಿಮ್ಮ ಎದೆ ಭಾರ ಇಳಿಸಿಕೊಳ್ಳುವ ಕಾರ್ಯಕ್ರಮ ಮಾಡಬೇಡಿ. ಅಡ್ಡಹೆಸರು ಏನು, ಯಾವ ದಿನ ಯಾರು ಏನಂದರು ಅಂತ ಬಿಡಿಸಿ ಹೇಳಿದರೆ ಆಕೆ ಅದನ್ನು ಮನೆಗೆ ಹೊತ್ತೊಯ್ಯಬೇಕಾಗುತ್ತದೆ. ಫೋಟೋ ವಿಷಯವನ್ನು ಮಾತ್ರ ಮುಚ್ಚಿಡಬೇಡಿ. ಅದು ಆಕೆಯ ಫೋಟೋ, ಬೇರೆಯವರಿಂದ ಗೊತ್ತಾದರೆ ಇನ್ನೂ ಕೆಟ್ಟದಾಗಿರುತ್ತದೆ. ಒಬ್ಬರೇ ಇದ್ದಾಗ ಇಷ್ಟು ಹೇಳಿ: "ನಮ್ಮ ಟೇಬಲ್ಲಿನಲ್ಲಿ ನಿನ್ನ ಬಟ್ಟೆ ಬಗ್ಗೆ ಹಗುರವಾಗಿ ಮಾತಾಡಿದ್ದೇವೆ. ಕೇಳದೆ ತೆಗೆದ ಒಂದು ಫೋಟೋನೂ ಗುಂಪಿಗೆ ಬಂದಿತ್ತು, ಅಳಿಸಿಸಿದ್ದೇನೆ. ನಾನೂ ಅದರಲ್ಲಿ ಸೇರಿದ್ದೆ. ತಪ್ಪಾಯ್ತು." ಆಕೆ ಸಿಟ್ಟಾಗಬಹುದು, ಎಚ್‌ಆರ್‌ಗೆ ಹೋಗುತ್ತೇನೆ ಎನ್ನಬಹುದು. ತಡೆಯಬೇಡಿ. ಪರವಾಗಿಲ್ಲ ಎನ್ನಬೇಕಾದ ಯಾವ ಋಣವೂ ಆಕೆಗಿಲ್ಲ.

ಈ ಕ್ಷಮೆಯನ್ನೂ ಆ ಫಾರ್ಮನ್ನೂ ಗಂಟು ಹಾಕಬೇಡಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಫಾರ್ಮ್ ಕೊಟ್ಟು ಮುಗಿಸಿ, ಆಮೇಲೆ ಮಾತಾಡಿ. ಇಲ್ಲದಿದ್ದರೆ ಬಾಯಿ ಮುಚ್ಚಿಸಲು ಕೊಟ್ಟ ಲಂಚದ ಥರ ಕಾಣುತ್ತದೆ, ಆಕೆಗೆ ಸಿಗಬೇಕಾದ ಜಾಗದ ಬೆಲೆಯೂ ಹೋಗುತ್ತದೆ. ಅದೇ ರೀತಿ, ಹಾಳೆ ಮೇಲೆ ಬರೆದಾಗ ಇನ್ನೊಬ್ಬರ ಕೆಲಸವೇ ಮೇಲು ಅಂತ ಕಂಡರೆ ಅವರ ಹೆಸರನ್ನೇ ಕೊಡಿ. ಪಾಪಪ್ರಜ್ಞೆಗಾಗಿ ಯಾರಿಗೂ ಬಡ್ತಿ ಕೊಡಬಾರದು. ಆದರೆ "ಕೆಲಸ ನೋಡಿದರೆ ಅವಳದೇ ಹೆಸರು" ಅಂತ ನೀವೇ ಬರೆದಿದ್ದೀರಿ.

ಇನ್ನು ಟೇಬಲ್ಲಿನವರು. ನೀವು ನಗದೆ ಕೂತ ಮೊದಲ ದಿನವೇ ಯಾರಾದರೂ "ಏನು, ನೀವೂ ಅವಳ ಪಾರ್ಟಿನಾ?" ಅನ್ನುತ್ತಾರೆ. "ಅವಳು ನನ್ನ ಟೀಮ್ ಕಣ್ರೀ" ಅಂದು ಪಲ್ಯ ಮುಂದಕ್ಕೆ ದಾಟಿಸಿ. ಭಾಷಣ ಬೇಡ. ಒಂದಿಬ್ಬರು ಮುನಿಸಿಕೊಂಡು ಬೇರೆ ಟೇಬಲ್ಲಿಗೆ ಹೋಗಬಹುದು, ಹೋಗಲಿ. ಹುಡುಗಿಯನ್ನು ಮಾರನೇ ದಿನವೇ ಊಟಕ್ಕೆ ಎಳೆದು ತಂದು ಕೂರಿಸಬೇಡಿ, ಆಕೆಗೆ ಮುಜುಗರ. ಮನಸ್ಸಾದರೆ ತಾನೇ ಬರುತ್ತಾಳೆ. ಮತ್ತೆ, ಆ ಫೋಟೋ ತೆಗೆದವರು ನಿಮ್ಮ ತಂಡದವರೇ ಆಗಿದ್ದರೆ ಗುಂಪಿನ ಒಂದು ಮೆಸೇಜಿಗೆ ಬಿಡಬೇಡಿ. ಮೀಟಿಂಗ್ ರೂಮಿಗೆ ಕರೆದು, ಬಾಗಿಲು ಹಾಕಿ, ಲೀಡ್ ಆಗಿ ಮಾತಾಡಿ.