ಗೋಡೆ ಮೇಲಿನ ವೈಫೈ ಪಾಸ್‌ವರ್ಡ್, ಪೊಲೀಸರ ಪತ್ರ

ಪ್ರಶ್ನೆ: ಬಸವನಗುಡಿ ಕಡೆ ನಮ್ಮದೊಂದು ಪದವಿ ಕಾಲೇಜು. ಪಿಯು ವಿಭಾಗವೂ ಅದೇ ಕಟ್ಟಡದಲ್ಲಿದೆ. ಎಲ್ಲ ಸೇರಿ ಎರಡು ಸಾವಿರ ಮಕ್ಕಳು. ಎಲ್ಲರಿಗೂ ಒಂದೇ ವೈಫೈ ಪಾಸ್‌ವರ್ಡ್, ಲೈಬ್ರರಿ ಗೋಡೆಗೆ ಅಂಟಿಸಿದ್ದೇವೆ. ಹೋದ ತಿಂಗಳು ಸೈಬರ್ ಪೊಲೀಸರಿಂದ ಪತ್ರ ಬಂತು. ಇಂಥ ದಿನ ಇಷ್ಟು ಹೊತ್ತಿಗೆ ನಿಮ್ಮ ಐಪಿಯಿಂದ (ಇಂಟರ್ನೆಟ್ ವಿಳಾಸ) ಒಬ್ಬ ಹುಡುಗಿಯ ಹೆಸರಲ್ಲಿ ನಕಲಿ ಖಾತೆ ತೆರೆದಿದ್ದಾರೆ, ಯಾರೆಂದು ತಿಳಿಸಿ ಅಂತ. ನಮ್ಮ ಹತ್ತಿರ ಉತ್ತರವೇ ಇಲ್ಲ. ಕಾನೂನೆಲ್ಲ ಬದಲಾಗಿದೆ ಅಂತಾರೆ. ಏನು ಮಾಡಬೇಕು ಸರ್?
– ಪ್ರಾಂಶುಪಾಲರು, ಬೆಂಗಳೂರು

ಉತ್ತರ: ಮೊದಲು ಎದ್ದು ಹೋಗಿ ಆ ಚೀಟಿ ಕಿತ್ತುಹಾಕಿ ಮೇಡಂ. ಆಮೇಲೆ ಮುಂದಕ್ಕೆ ಓದಿ.

ಹೊರಗಿನಿಂದ ನೋಡುವವರಿಗೆ ನಿಮ್ಮ ಎರಡು ಸಾವಿರ ಮಕ್ಕಳ ವಿಳಾಸವೂ ಒಂದೇ. ಅಪಾರ್ಟ್‌ಮೆಂಟಿನ ಗೇಟ್ ನಂಬರ್ ಇದ್ದ ಹಾಗೆ. ಒಳಗೆ ಯಾವ ಫ್ಲಾಟ್ ಅಂತ ಗೊತ್ತಾಗಬೇಕಾದರೆ ಐಪಿ ಜೊತೆ ಪೋರ್ಟ್ ನಂಬರ್ (ಆ ಹೊತ್ತಿನ ಒಂದೊಂದು ಸಂಪರ್ಕಕ್ಕೂ ಸಿಗುವ ಸಂಖ್ಯೆ) ಬೇಕು, ನಿಖರವಾದ ಸಮಯ ಬೇಕು. ಪತ್ರವನ್ನು ಇನ್ನೊಮ್ಮೆ ತೆಗೆದು ನೋಡಿ. ಪೋರ್ಟ್ ನಂಬರ್ ಇಲ್ಲದಿದ್ದರೆ ಬರೆದು ಕೇಳಿ. ಅದು ಉಡಾಫೆ ಅಲ್ಲ, ತನಿಖೆಗೇ ಸಹಾಯ. ಇಷ್ಟಾಗಿಯೂ ನಿಮ್ಮಲ್ಲಿ ಲಾಗ್, ಅಂದರೆ ಯಾರು ಯಾವಾಗ ನೆಟ್ ಬಳಸಿದರು ಎಂಬ ದಾಖಲೆ, ಇಲ್ಲ ಎಂದಾದರೆ ಇಲ್ಲ ಅಂತಲೇ ಬರೆದುಕೊಡಿ. ಅನುಮಾನದ ಮೇಲೆ ಯಾರದೋ ಹೆಸರು ಬರೆಯಬೇಡಿ. ಇರುವ ಅಷ್ಟಿಷ್ಟು ಲಾಗನ್ನು ಅಳಿಸಲೂ ಬೇಡಿ.

ಇನ್ನು ಕಾನೂನಿಗೆ ಬರೋಣ. ಎಲ್ಲರೂ 2023ರ ಟೆಲಿಕಾಂ ಕಾಯ್ದೆ ಬಗ್ಗೆ ಮಾತಾಡುತ್ತಾರೆ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಬಂದದ್ದು ಅದು. ಕೆಲವು ಸೆಕ್ಷನ್‌ಗಳು 2024ರ ಜೂನ್‌ನಿಂದ ಜಾರಿಗೆ ಬಂದಿವೆ. ಆದರೆ ಅದರ ಭಾರ ಜಾಸ್ತಿ ಬೀಳುವುದು ಟೆಲಿಕಾಂ ಕಂಪನಿಗಳ ಮೇಲೆ. ನಿಮಗೆ ನೇರವಾಗಿ ತಟ್ಟುವುದು ಅದಕ್ಕಿಂತ ಹಿಂದಿನ, ಯಾರೂ ಓದದ ಒಂದು ಆದೇಶ: 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ್ದು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಸರ್ವರ್ ಹ್ಯಾಕ್ ಆಗುವಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಎಲ್ಲ ಯಂತ್ರಗಳ ಗಡಿಯಾರವನ್ನೂ ಸರಿಯಾದ ಸಮಯಕ್ಕೆ ಹೊಂದಿಸಿರಬೇಕು.

ಗಡಿಯಾರದ ಮಾತು ಚಿಲ್ಲರೆ ಅನಿಸಬಹುದು. ನಾನು ನೋಡಿಕೊಳ್ಳುತ್ತಿದ್ದ ಒಂದು ಕ್ಯಾಂಪಸ್‌ನಲ್ಲಿ ಫೈರ್‌ವಾಲ್ (ನೆಟ್‌ವರ್ಕಿನ ಕಾವಲು ಯಂತ್ರ) ಗಡಿಯಾರ ಏಳು ನಿಮಿಷ ಹಿಂದಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪತ್ರದಲ್ಲಿದ್ದ ಸಮಯ ಹಿಡಿದು ಹುಡುಕಿದರೆ ಸಿಕ್ಕಿದ್ದು ಲ್ಯಾಬಿನಲ್ಲಿ ರೆಕಾರ್ಡ್ ಬರೆಯುತ್ತಿದ್ದ ಒಬ್ಬ ಪಾಪದ ಹುಡುಗ. ಏಳು ನಿಮಿಷ ಸರಿಪಡಿಸಿ ನೋಡಿದಾಗ ಬೇರೆಯೇ ಹೆಸರು. ಅವತ್ತಿನಿಂದ ಯಾವ ಕಾಲೇಜಿಗೆ ಹೋದರೂ ನಾನು ಮೊದಲು ನೋಡೋದು ಗಡಿಯಾರವನ್ನೇ.

ಹಾಗಾದರೆ ಮಾಡಬೇಕಾದ್ದೇನು? ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡಿ. ಇದಕ್ಕೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ. ಸ್ಟೋರ್ ರೂಮಿನ ಹಳೇ ಡೆಸ್ಕ್‌ಟಾಪ್‌ಗೆ ಫ್ರೀರೇಡಿಯಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ ಎರಡು ಸಾವಿರ ಮಕ್ಕಳಿಗೆ ಸಾಕು. ಕೇಂದ್ರ ಸರ್ಕಾರದ ಎರ್ನೆಟ್ ಇಂಡಿಯಾ ನಮ್ಮಲ್ಲಿ ನಡೆಸುವ ಎಜುರೋಮ್ ಎಂಬ ಕಾಲೇಜುಗಳ ವೈಫೈ ಜಾಲಕ್ಕೆ ಸೇರಿದರೆ ಇನ್ನೂ ಚೆನ್ನ. ನಿಮ್ಮ ಮಕ್ಕಳು ಅದರಲ್ಲಿರುವ ಬೇರೆ ಕ್ಯಾಂಪಸ್‌ಗೆ ಹೋದಾಗಲೂ ಅದೇ ಲಾಗಿನ್ ನಡೆಯುತ್ತದೆ. ‘ಫೋನಿನ ವೈಫೈ ಗುರುತಾದ ಮ್ಯಾಕ್ ವಿಳಾಸ ಬರೆದುಕೊಂಡಿದ್ದೀವಿ, ಅಷ್ಟು ಸಾಲದಾ’ ಅಂತ ಕೆಲವರು ಕೇಳುತ್ತಾರೆ. ಸಾಲದು. ಈಗಿನ ಫೋನ್‌ಗಳು ಅದನ್ನು ತಾವೇ ಬದಲಿಸಿಕೊಳ್ಳುತ್ತವೆ.

ಆದರೆ ಲಾಗ್ ಇಡಿ ಅಂದ ತಕ್ಷಣ ಸಿಕ್ಕಿದ್ದೆಲ್ಲ ತುಂಬಿಸಿಡಬೇಡಿ. ಯಾರು, ಯಾವಾಗ, ಯಾವ ಐಪಿ, ಯಾವ ಪೋರ್ಟ್ – ಇಷ್ಟು ಸಾಕು. ಯಾವ ಹುಡುಗ ಯಾವ ಸೈಟ್ ನೋಡಿದ ಎಂಬ ಪಟ್ಟಿ ಏಕೆ ಬೇಕು? ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ 2023ರಲ್ಲೇ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಭಾಗ ಜಾರಿಗೆ ಬರಲು 18 ತಿಂಗಳ ಗಡುವು ಇದೆ, ಅಂದರೆ 2027ರ ಮೇ. ಅಲ್ಲಿ 18 ತುಂಬದವರೆಲ್ಲ ಮಕ್ಕಳೇ. ನಿಮ್ಮ ಪಿಯು ವಿಭಾಗ ಬಹುಪಾಲು ಅದರೊಳಗೆ ಬಂತು ಅಲ್ವಾ? ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಓದಿಗೆ, ಮಕ್ಕಳ ಸುರಕ್ಷತೆಗೆ ಬೇಕಾದಷ್ಟು ಗಮನಿಸಲು ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಇದೆ, ಅಷ್ಟಕ್ಕೆ ಮಾತ್ರ. ಇನ್ನೊಂದು: ಮಕ್ಕಳ ಮಾಹಿತಿಯನ್ನು ಯಾರು ತೆರೆದು ನೋಡಿದರು ಎಂಬ ಲಾಗ್ ಒಂದು ವರ್ಷ ಇರಬೇಕು ಅನ್ನುತ್ತವೆ ಈ ನಿಯಮಗಳು. ಹಾಗಾಗಿ ಈಗಲೇ ಒಂದು ವರ್ಷದ ಲೆಕ್ಕದಲ್ಲಿ ಹಾರ್ಡ್ ಡಿಸ್ಕ್ ತಗೊಳ್ಳಿ. 250 ಕೋಟಿ ದಂಡ ಅಂತ ಹೆದರಿಸಿ ಪ್ಯಾಕೇಜ್ ಮಾರಲು ಬರುವವರಿಗೆ ಕಾಫಿ ಕೊಟ್ಟು ಕಳಿಸಿ. ಅದು ಕಾಯ್ದೆಯಲ್ಲಿರುವ ಗರಿಷ್ಠ ಮೊತ್ತ.

ಪ್ರಶ್ನೆ: ಪರೀಕ್ಷೆ ವೇಳೆ ಕಾಪಿ ತಡೆಯಲು ಜಾಮರ್ ತರೋಣ ಅಂತ ನಮ್ಮ ಆಡಳಿತ ಮಂಡಳಿಯವರು ಹೇಳುತ್ತಿದ್ದಾರೆ. ಜೊತೆಗೆ ಹಾಸ್ಟೆಲ್ ಬೇಸ್‌ಮೆಂಟ್‌ಗೆ ಒಂದು ಸಿಗ್ನಲ್ ಬೂಸ್ಟರ್. ಹಾಕಬಹುದಾ?
– ಉಪನ್ಯಾಸಕರು, ಯಲಹಂಕ

ಉತ್ತರ: ಎರಡೂ ಬೇಡ. ಎಸ್‌ಪಿ ರೋಡಿನಲ್ಲಿ ಕೇಳಿದರೆ ಸಿಗದ ವಸ್ತು ಇಲ್ಲ, ನಿಜ. ಅಂಗಡಿಯಲ್ಲಿ ಸಿಗುತ್ತೆ ಅಂದ ಮಾತ್ರಕ್ಕೆ ಹಾಕಬಹುದು ಅಂತಲ್ಲ. ಜಾಮರ್‌ಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಪರೀಕ್ಷೆ ನಡೆಸುವ ಸಂಸ್ಥೆಗಳಿಗೆ ಕಡಿಮೆ ಶಕ್ತಿಯ ಜಾಮರ್ ಬಳಸಲು ಅನುಮತಿ ಕೇಳುವ ದಾರಿ ಇದೆ. ಖಾಸಗಿಯವರು ಸುಮ್ನೆ ಕೊಂಡು ತಂದು ಹಾಕುವ ಹಾಗಿಲ್ಲ. ಬೂಸ್ಟರ್ ಕಥೆಯೂ ಅಷ್ಟೇ. ನಿಮ್ಮ ಹಾಸ್ಟೆಲ್‌ಗೆ ಹಾಕಿದ ಬೂಸ್ಟರ್ ಪಕ್ಕದ ಬೀದಿಯವರ ಫೋನ್ ಕೆಡಿಸಬಹುದು. ಬೇಸ್‌ಮೆಂಟ್‌ಗೆ ಒಂದು ಒಳ್ಳೆ ವೈಫೈ ಪೆಟ್ಟಿಗೆ (ಆಕ್ಸೆಸ್ ಪಾಯಿಂಟ್) ಹಾಕಿ, ಮಕ್ಕಳಿಗೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಲು ಹೇಳಿ. ಪರೀಕ್ಷೆಗೆ ಬಾಗಿಲಲ್ಲಿ ಫೋನ್ ಇಸಿದುಕೊಂಡು ಟೋಕನ್ ಕೊಡುವುದಕ್ಕಿಂತ ಒಳ್ಳೆ ಜಾಮರ್ ನನಗಂತೂ ಕಂಡಿಲ್ಲ.

ಪ್ರಶ್ನೆ: ಫೀಸ್ ಕಟ್ಟುವಂತೆ ಪೋಷಕರಿಗೆ ಕಳಿಸುವ ಎಸ್ಎಂಎಸ್ ಇಂಗ್ಲಿಷಿನಲ್ಲಿದ್ದರೆ ಹೋಗುತ್ತದೆ, ಕನ್ನಡದಲ್ಲಿದ್ದರೆ ಹೋಗುವುದಿಲ್ಲ. ಬಿಲ್ ಬೇರೆ ಜಾಸ್ತಿ ಬರುತ್ತಿದೆ. ಕನ್ನಡಕ್ಕೆ ನಿರ್ಬಂಧ ಇದೆಯೇ?
– ಕಚೇರಿ ಸಹಾಯಕಿ, ರಾಜಾಜಿನಗರ

ಉತ್ತರ: ನಿರ್ಬಂಧ ಏನೂ ಇಲ್ಲಮ್ಮ. ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2018ರ ನಿಯಮದ ಪ್ರಕಾರ ಇಂಥ ಸಂದೇಶದ ಒಕ್ಕಣೆಯನ್ನು ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ನೋಂದಣಿ ತಾಣದಲ್ಲಿ ಮೊದಲೇ ನೋಂದಾಯಿಸಿರಬೇಕು. ಕಳಿಸುವಾಗ ಅದಕ್ಕೆ ಹೊಂದದಿದ್ದರೆ ಸಂದೇಶ ಅಲ್ಲೇ ಬಿದ್ದುಹೋಗುತ್ತದೆ. ಇಂಗ್ಲಿಷಿನದ್ದನ್ನು ನೋಂದಾಯಿಸಿ, ಕನ್ನಡದ್ದನ್ನು ಮರೆತಿರುತ್ತೀರಿ. ಇಲ್ಲವೇ ಯಾರೋ ಮರ್ಯಾದೆಗೆ ‘ದಯವಿಟ್ಟು’ ಸೇರಿಸಿರುತ್ತಾರೆ. ಆ ಒಂದು ಪದಕ್ಕೇ ಸಂದೇಶ ನಿಲ್ಲುತ್ತದೆ. ಫೀಸ್ ಕಟ್ಟುವ ಲಿಂಕ್ ಇದ್ದರೆ ಅದನ್ನೂ ಮೊದಲೇ ಅಲ್ಲಿ ನೋಂದಾಯಿಸಿರಬೇಕು. 2024ರ ಅಕ್ಟೋಬರ್ 1ರಿಂದ ಇದನ್ನು ಬಿಗಿ ಮಾಡಿದ್ದಾರೆ.

ಬಿಲ್ ವಿಷಯ ಕಾನೂನಿನದ್ದಲ್ಲ, ತಂತ್ರದ್ದು. ಇಂಗ್ಲಿಷಿನಲ್ಲಿ ಒಂದು ಎಸ್ಎಂಎಸ್‌ಗೆ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ ಬರೀ 70. ಒತ್ತಕ್ಷರ, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಕ್ಷ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಎಸ್ಎಂಎಸ್ ಲೆಕ್ಕದಲ್ಲಿ ಮೂರು. ಅದಕ್ಕೇ ಒಂದು ಸಂದೇಶ ಎರಡು ಮೂರಾಗಿ ಒಡೆದು ಬಿಲ್ ಏರುತ್ತದೆ. ಕನ್ನಡ ಬಿಡಬೇಡಿ, ಒಕ್ಕಣೆ ಮೊಟಕು ಮಾಡಿ: ‘ಫೀಸ್ ಕಟ್ಟಲು ಶನಿವಾರ ಕೊನೆ ದಿನ’, ಕೆಳಗೆ ಕಾಲೇಜಿನ ಹೆಸರು. ಇಷ್ಟನ್ನೇ ನೋಂದಾಯಿಸಿ.